ಚೆಂಡು ಬರುವ ಮುಂಚೆ ನೋಡಿ

ಫುಟ್‌ಬಾಲ್ ನೋಡಲು ಹೊಸದಾಗಿ ಶುರುಮಾಡಿದವರಿಗೆ ಒಂದು ಪ್ರಶ್ನೆ ಬೇಗನೆ ಎದುರಾಗುತ್ತದೆ. ಹದಿನೇಳರ ಹುಡುಗ ಯೂತ್ ತಂಡದಲ್ಲಿ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದಾನೆ, ಸೀನಿಯರ್ ತಂಡ ಮುಗ್ಗರಿಸುತ್ತಿದೆ, ಆದರೂ ಕೋಚ್ ಅವನನ್ನು ಬೆಂಚಿನ ಮೇಲೇ ಕೂರಿಸಿರುವುದೇಕೆ? ಕೋಚ್‌ಗೆ ಧೈರ್ಯ ಸಾಲದು ಎಂದು ಗ್ಯಾಲರಿ ತೀರ್ಪು ಕೊಟ್ಟುಬಿಡುತ್ತದೆ. ಕೆಲವು ಸಲ ಅದು ನಿಜವೇ. ಆದರೆ ಗ್ಯಾಲರಿ ನೋಡುವುದು ಹುಡುಗ ಚೆಂಡಿನ ಜೊತೆ ಏನು ಮಾಡುತ್ತಾನೆ ಎಂಬುದನ್ನು ಮಾತ್ರ. ಅವನು ತಯಾರೋ ಅಲ್ಲವೋ ಎಂಬುದು ಹೆಚ್ಚಾಗಿ ತಿಳಿಯುವುದು ಚೆಂಡು ಬರುವ ಮುಂಚಿನ ಒಂದೆರಡು ಕ್ಷಣಗಳಲ್ಲಿ ಮತ್ತು ಅದನ್ನು ಕಳೆದುಕೊಂಡ ಮೇಲೆ. ಇಷ್ಟೂ ಇದ್ದಮೇಲೆ ತಂಡದ ಪಾಲೊಂದು ಉಳಿಯುತ್ತದೆ: ಅವನಿಗೆ ಯಾವ ಜಾಗ, ಎಷ್ಟು ನಿಮಿಷ, ಪಕ್ಕದಲ್ಲಿ ಯಾರು?

ಯೂತ್ ಲೀಗಿನ ಗೋಲುಗಳನ್ನು ಪೂರ್ತಿ ನಂಬಬಾರದು. ಹದಿನೈದು ಹದಿನಾರಕ್ಕೇ ಮೈ ತುಂಬಿಕೊಂಡವನು ಉಳಿದವರನ್ನು ಹೆಗಲಲ್ಲಿ ತಳ್ಳಿಕೊಂಡೇ ಮುಂದೆ ಹೋಗಬಲ್ಲ. ವಯೋಮಿತಿಯ ವರ್ಷ ಯಾವ ತಿಂಗಳು ಶುರುವಾಗುತ್ತದೋ ಅದರ ಆಸುಪಾಸಿನಲ್ಲಿ ಹುಟ್ಟಿದವರೇ ಅಕಾಡೆಮಿಗಳಲ್ಲಿ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ ಆ ತಿಂಗಳು ಸೆಪ್ಟೆಂಬರ್. ಸ್ಟ್ರೈಕರ್ ಹ್ಯಾರಿ ಕೇನ್ ಹುಟ್ಟಿದ್ದು ಜುಲೈ ಕೊನೆಗೆ, ಅಂದರೆ ಆ ವರ್ಷ ಮುಗಿಯುವ ಹೊತ್ತಿಗೆ. ಆರ್ಸೆನಲ್ ಅವರನ್ನು ಬಾಲ್ಯದಲ್ಲೇ ಕೈಬಿಟ್ಟಿತ್ತು. ಮುಂದೆ ಟಾಟನ್‌ಹ್ಯಾಮ್ ಅವರನ್ನು ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಆಡಲು, ಕಳಿಸಿತು. ಕೊನೆಯ ಎರಡು ಕಡೆ ಗೋಲಿನ ಲೆಕ್ಕ ಹೇಳಿಕೊಳ್ಳುವಂತಿರಲಿಲ್ಲ. 2014–15ರಲ್ಲಿ ಅದೇ ಕೇನ್ ಟಾಟನ್‌ಹ್ಯಾಮ್ ಪರ ಎಲ್ಲ ಟೂರ್ನಿಗಳೂ ಸೇರಿ 31 ಗೋಲು ಹೊಡೆದರು.

ಹಾಗಾದರೆ ಏನನ್ನು ನೋಡಬೇಕು? ಮೊದಲು, ಕತ್ತು. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊಗಳನ್ನು ಬಿಡಿಬಿಡಿಯಾಗಿ ನೋಡಿ, ಚೆಂಡು ಬರುವ ಮೊದಲು ಅವರು ಎಷ್ಟು ಸಲ ಹೆಗಲ ಮೇಲಿಂದ ಹಿಂತಿರುಗಿ ನೋಡುತ್ತಾರೆ ಎಂದು ಎಣಿಸಿದರು. ಹೆಚ್ಚು ನೋಡುವವರ ಪಾಸ್‌ಗಳೇ ಹೆಚ್ಚು ಗುರಿ ಮುಟ್ಟುತ್ತಿದ್ದವು. ಆ ಪಟ್ಟಿಯ ಮೇಲುತುದಿಯಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಇದ್ದರು. ಯೂತ್ ಆಟದಲ್ಲಿ ಹುಡುಗ ಚೆಂಡನ್ನು ತಡೆದು, ಆಮೇಲೆ ತಲೆ ಎತ್ತಿ ನೋಡಿದರೂ ನಡೆಯುತ್ತದೆ. ಸೀನಿಯರ್ ಆಟದಲ್ಲಿ ಆ ಹೊತ್ತಿಗೆ ಬೆನ್ನಿಗೆ ಡಿಫೆಂಡರ್‌ನ ಎದೆ ತಾಗಿರುತ್ತದೆ. ಎರಡನೆಯದು, ನಿಂತ ಭಂಗಿ: ಮೈಯನ್ನು ಅರ್ಧ ತಿರುಗಿಸಿ ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಳ್ಳುವವನಿಗೆ ಒಂದೇ ಸ್ಪರ್ಶಕ್ಕೆ ಮುಂದಿನ ಮೈದಾನ ತೆರೆದುಕೊಳ್ಳುತ್ತದೆ. ಮೂರನೆಯದನ್ನು ಹೊಸಬರು ಗಮನಿಸುವುದು ಕಡಿಮೆ. ಚೆಂಡು ಕಳೆದುಕೊಂಡ ಹುಡುಗ ಕೈ ಚೆಲ್ಲಿ ರೆಫರಿಯ ಮುಖ ನೋಡುತ್ತಾನೋ, ಅಥವಾ ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಾನೋ? ಅದಾದಮೇಲೆ ಮತ್ತೆ ಚೆಂಡು ಕೇಳುತ್ತಾನೋ, ಮರೆಯಲ್ಲಿ ನಿಲ್ಲುತ್ತಾನೋ? ಭರತನಾಟ್ಯದ ರಂಗಪ್ರವೇಶದ ಸಭೆಯಲ್ಲಿ ಕುಳಿತವರೆಲ್ಲ ಹುಡುಗಿಯ ಪರವೇ. ಇಲ್ಲಿ ಎದುರಿಗಿರುವ ಹನ್ನೊಂದು ಮಂದಿ ಹುಡುಗನ ಮೊದಲ ತಪ್ಪಿಗಾಗಿಯೇ ಕಾಯುತ್ತಿರುತ್ತಾರೆ.

ಇದಕ್ಕೆ ಆಕ್ಷೇಪ ಸಿದ್ಧವಾಗಿದೆ: ಪ್ರತಿಭೆ ಇದ್ದರೆ ವಯಸ್ಸೇಕೆ? ವೇಯ್ನ್ ರೂನಿ 2002ರ ಅಕ್ಟೋಬರ್ 19ರಂದು, ಇನ್ನೂ ಹದಿನೇಳು ತುಂಬದೆ, ಎವರ್ಟನ್‌ಗಾಗಿ ಕೊನೆ ಗಳಿಗೆಯಲ್ಲಿ ಗೋಲು ಹೊಡೆದು, ಲೀಗ್‌ನಲ್ಲಿ 30 ಪಂದ್ಯ ಸೋಲದಿದ್ದ ಆರ್ಸೆನಲ್ ತಂಡವನ್ನು ಕೆಡವಲಿಲ್ಲವೇ? ಕೆಡವಿದರು. ಆದರೆ ಆ ದಿನ ಅವರು ಅಂಗಳಕ್ಕೆ ಬಂದದ್ದು ಕೊನೆಯ ಹತ್ತು ನಿಮಿಷಕ್ಕೆ, ಮತ್ತು ಕೋಚ್ ಡೇವಿಡ್ ಮೋಯ್ಸ್ ಆ ಋತುವಿನಲ್ಲಿ ಅವರನ್ನು ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಬಳಸಿದರು. ಜನಕ್ಕೆ ನೆನಪಿರುವುದು ಆ ಹೊಡೆತ. ವಿಡಿಯೊ ಸಿಕ್ಕರೆ ಅದಕ್ಕೂ ಮುಂಚಿನದನ್ನು ನೋಡಿ: ಮೇಲಿಂದ ಬೀಳುವ ಚೆಂಡು ಒಂದೇ ಸ್ಪರ್ಶಕ್ಕೆ ಕಾಲಿಗಂಟಿಕೊಂಡು ನಿಲ್ಲುತ್ತದೆ. ಸ್ಪೇನ್‌ನ ಲಮೀನ್ ಯಮಾಲ್ 2024ರ ಯೂರೊ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಹದಿನಾರರಲ್ಲೇ ಗೋಲು ಹೊಡೆದರು, ನಿಜ. ಅವರು ಆಡಿದ್ದು ವಿಂಗ್‌ನಲ್ಲಿ. ಅಲ್ಲಿ ಒಂದು ಬದಿಗೆ ಗೆರೆ ಇರುವುದರಿಂದ ಎದುರಾಳಿ ಎಲ್ಲ ದಿಕ್ಕಿನಿಂದ ಬರಲಾರ. ಬೆನ್ನ ಹಿಂದೆ ರೈಟ್ ಬ್ಯಾಕ್ ಆಗಿದ್ದವರು 38 ವರ್ಷದ ಹೆಸುಸ್ ನವಾಸ್. ಎಳೆಯರಿಗೆ ಮೊದಲ ಅವಕಾಶ ವಿಂಗ್‌ನಲ್ಲೇ ಹೆಚ್ಚು ಸಿಗುವುದು, ಗೋಲ್‌ಕೀಪರ್ ಮತ್ತು ಸೆಂಟರ್ ಬ್ಯಾಕ್ ಜಾಗಕ್ಕೆ ಅವರು ತಡವಾಗಿ ಬರುವುದು ಇದೇ ಕಾರಣಕ್ಕೆ. ಈ ಎರಡು ಜಾಗಗಳಲ್ಲಿ ಒಂದು ತಪ್ಪೆಂದರೆ ಒಂದು ಗೋಲು. (ಹದಿನಾರಕ್ಕೇ ಮಿಲಾನ್ ಗೋಲು ಕಾದ ಡೊನ್ನರುಮ್ಮ ಅವರಂಥವರು ಅಪರೂಪ.)

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕಾಯಿಸಿದರೆ ಹುಡುಗ ಬಾಡುತ್ತಾನೆ. ಜೇಡನ್ ಸ್ಯಾಂಚೊ 2017ರಲ್ಲಿ ಆಟದ ನಿಮಿಷಗಳಿಗಾಗಿಯೇ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಡಾರ್ಟ್‌ಮುಂಡ್‌ಗೆ ಹೋಗಿ ಮಿಂಚಿದರು. ಸಿಟಿಯಲ್ಲೇ ಉಳಿದ ಫಿಲ್ ಫೋಡನ್ ಲೋನ್‌ಗೂ ಹೋಗದೆ, ಹಿರಿಯ ಆಟಗಾರ ಡೇವಿಡ್ ಸಿಲ್ವಾ ಜೊತೆ ಅಭ್ಯಾಸ ಮಾಡುತ್ತ, ಸಿಕ್ಕಷ್ಟು ನಿಮಿಷ ಆಡುತ್ತ ಬೆಳೆದು 2023–24ರಲ್ಲಿ ಪ್ರೀಮಿಯರ್ ಲೀಗ್‌ನ ವರ್ಷದ ಆಟಗಾರರಾದರು. ಇಬ್ಬರ ಲೆಕ್ಕಾಚಾರವೂ ಸರಿಯಾಗಿತ್ತು ಎಂದೇ ಹೇಳಬೇಕು. ಇವೆರಡೂ ದಾರಿಗಳಿಗಿಂತ ಹೆಚ್ಚು ಕೆಡುಕು ಮಾಡುವುದು ಅತಿಯಾಗಿ ಆಡಿಸುವುದು. ಬಾರ್ಸಿಲೋನಾದ ಪೆಡ್ರಿ 2020–21ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕ್ಲಬ್, ಯೂರೊ, ಒಲಿಂಪಿಕ್ಸ್ ಸೇರಿ 70ಕ್ಕೂ ಹೆಚ್ಚು ಪಂದ್ಯ ಆಡಿದರು. ಮುಂದಿನ ಋತುಗಳಲ್ಲಿ ತೊಡೆಯ ಸ್ನಾಯು ಮತ್ತೆ ಮತ್ತೆ ಕೈಕೊಟ್ಟಿತು. ಅವರ ಆಟ ತಯಾರಾಗಿತ್ತು, ಮೈ ಇನ್ನೂ ಆಗಿರಲಿಲ್ಲ.

ಎಳೆಯರಿಗೆ ನಿಮಿಷ ಕೊಡುವುದಕ್ಕೆ ನಮ್ಮಲ್ಲಿ ಬೇರೆಯದೇ ಪ್ರಯೋಗ ನಡೆಯಿತು. ಭಾರತದ ಫುಟ್‌ಬಾಲ್ ಫೆಡರೇಷನ್ ಕಟ್ಟಿದ ಇಂಡಿಯನ್ ಆ್ಯರೋಸ್ ಹುಡುಗರದ್ದೇ ತಂಡವಾಗಿತ್ತು; 2017ರ 17 ವರ್ಷದೊಳಗಿನವರ ವಿಶ್ವಕಪ್ ಆಡಿದವರಲ್ಲಿ ಹಲವರು ಅದರಲ್ಲಿ ಐ-ಲೀಗ್ ಆಡಿದರು. ನಿಮಿಷಗಳು ಧಾರಾಳವಾಗಿ ಸಿಕ್ಕವು, ತಪ್ಪು ತಿದ್ದಲು ಪಕ್ಕದಲ್ಲಿ ಹಿರಿಯರಿರಲಿಲ್ಲ. ಆ ಹುಡುಗರಲ್ಲಿ ಒಬ್ಬರಾದ ಸುರೇಶ್ ಸಿಂಗ್ ವಾಂಗ್ಜಮ್ 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಮಿಡ್‌ಫೀಲ್ಡ್‌ನಲ್ಲಿ ಹಿರಿಯರಾದ ಎರಿಕ್ ಪಾರ್ಟಲು, ಡಿಮಾಸ್ ಡೆಲ್ಗಾಡೊ ಇದ್ದರು. ಎಳೆಯನೊಬ್ಬನನ್ನು ಇಳಿಸಲು ಅಂಥ ತಂಡವೇ ಸರಿ ಎಂಬುದು ನನ್ನ ಪಕ್ಷ. ಹಾಗಾಗಿ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ, ಎಪ್ಪತ್ತೈದನೇ ನಿಮಿಷಕ್ಕೆ ಹೊಸ ಹುಡುಗನೊಬ್ಬ ಒಳಗೆ ಬಂದರೆ, ಮುಂದಿನ ಹತ್ತು ನಿಮಿಷ ಚೆಂಡಿನ ಹಿಂದೆ ಕಣ್ಣು ಓಡಿಸದೆ ಅವನೊಬ್ಬನನ್ನೇ ನೋಡಿ. ಟಿವಿಯಲ್ಲಿ ಇದು ಸಾಧ್ಯವಿಲ್ಲ. ಕ್ಯಾಮೆರಾ ಚೆಂಡನ್ನು ಬಿಟ್ಟು ಬರುವುದಿಲ್ಲ.