ಬಂಡೆ ನೆಲವೋ ಗೋಡೆಯೋ: ಅರ್ನೆಸ್ಟ್ ಡೇ ಅವರ ಕ್ಯಾಮರಾದಲ್ಲಿ ಸಾವನದುರ್ಗ

ಗುರುಗಳಿಗೂ ಸಹಪಾಠಿಗಳಿಗೂ ಮಂತ್ರಾಲಯದಿಂದ ಮಾತಾಡ್ತಾ ಇದೀನಿ. ನಾನು ಆಯ್ಕೆ ಮಾಡ್ಕೊಂಡಿರೋದು ಇಂಗ್ಲೆಂಡಿನ ಛಾಯಾಗ್ರಾಹಕ ಅರ್ನೆಸ್ಟ್ ಡೇ (1927–2006) ಅವರನ್ನ. ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಅವರು ನಮ್ಮ ಬಂಡೆಗಳನ್ನ ಹೇಗೆ ನೋಡಿದರು ಅನ್ನೋದು ನನ್ನ ಪ್ರಶ್ನೆ.

ಮೊದಲು ಅವರ ವೃತ್ತಿ. ಡೇ ಬಹುಕಾಲ ಕ್ಯಾಮರಾ ಆಪರೇಟರ್ ಆಗಿದ್ದರು. ಬ್ರಿಟಿಷ್ ಪದ್ಧತಿಯಲ್ಲಿ ಬೆಳಕನ್ನು ತೀರ್ಮಾನಿಸುವವರು ಛಾಯಾಗ್ರಾಹಕರು. ವ್ಯೂಫೈಂಡರ್‌ಗೆ ಕಣ್ಣಿಟ್ಟು ಕ್ಯಾಮರಾ ತಿರುಗಿಸುವವರು ಆಪರೇಟರ್. ‘ಲಾರೆನ್ಸ್ ಆಫ್ ಅರೇಬಿಯಾ’ (1962), ‘ಡಾಕ್ಟರ್ ಝಿವಾಗೊ’ (1965), ‘ರಯಾನ್ಸ್ ಡಾಟರ್’ (1970) ಈ ಮೂರಕ್ಕೂ ಛಾಯಾಗ್ರಹಣದ ಆಸ್ಕರ್ ಬಂದದ್ದು ಫ್ರೆಡ್ಡಿ ಯಂಗ್ ಅವರಿಗೆ. ಮೂರರಲ್ಲೂ ಡೇ ಆಪರೇಟರ್. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಕಾಣಿಸೋದೇ ಇಲ್ಲ. ಮುಂದೆ ಸ್ವತಂತ್ರ ಛಾಯಾಗ್ರಾಹಕರಾದರು, ‘ಗ್ರೀನ್ ಐಸ್’ (1981) ಚಿತ್ರವನ್ನು ನಿರ್ದೇಶಿಸಿದರು. ಲೀನ್ ಅವರ ಕೊನೆಯ ಚಿತ್ರಕ್ಕೆ ಅವರೇ ಛಾಯಾಗ್ರಾಹಕರಾದರು. ಆಸ್ಕರ್‌ಗೆ ನಾಮನಿರ್ದೇಶನವೂ ಆಯ್ತು. ಆದರೆ ಆ ವರ್ಷ ಪ್ರಶಸ್ತಿ ಹೋದದ್ದು ‘ದ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರದ ಕ್ರಿಸ್ ಮೆಂಗೆಸ್ ಅವರಿಗೆ.

ಈಗ ಬಂಡೆಗೆ ಬರೋಣ. ಇ.ಎಂ. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್. ಲೀನ್ ಅಲ್ಲಿಗೆ ಹೋಗಿ ನೋಡಿದರು, ಆ ಜಾಗ ಹಿಡಿಸಲಿಲ್ಲ. ಬೆಂಗಳೂರಿನ ಹತ್ತಿರದ ಸಾವನದುರ್ಗ ಮತ್ತು ರಾಮದೇವರ ಬೆಟ್ಟವನ್ನು ಆರಿಸಿಕೊಂಡು, ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿದರು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯ ಕಡೆಗೆ ಹಬ್ಬಿದೆ. ಆದೋನಿ ಕೋಟೆ ಬೆಟ್ಟ ನೋಡ್ತಾ ಬೆಳೆದ ನಮಗೆ ಆ ಕಲ್ಲು ಹೊಸದಲ್ಲ. ಬೇಸಿಗೆಯಲ್ಲಿ ಅಂಗಾಲು ಸುಡುತ್ತೆ, ಕತ್ತಲಾದರೂ ಕಾವು ಇಳಿಯಲ್ಲ.

ಚಿತ್ರದಲ್ಲಿ ಆ ಕಾವು ಕಡಿಮೆ. ಡೇ ಬಂಡೆಯನ್ನು ದೂರದಿಂದ ನೋಡ್ತಾರೆ. ‘ಲಾರೆನ್ಸ್’ ಚಿತ್ರದ ಅಗಲವಾದ ಚೌಕಟ್ಟು ಇಲ್ಲಿಲ್ಲ. ಅದರಿಂದ ಬಂಡೆ ಎತ್ತರಕ್ಕೆ ನಿಲ್ಲುತ್ತೆ, ಆನೆಯೂ ಅದರ ಮುಂದೆ ಸಣ್ಣದಾಗುತ್ತೆ. ಗುಹೆಯೊಳಗೆ ಅಡೆಲಾ ಕಡ್ಡಿ ಗೀರುವಾಗ ಬೆಳಕು ಬಹಳ ಸ್ವಲ್ಪ. ಬಾಯಲ್ಲಿ ಅಜೀಜ್ ಬರೀ ಕಪ್ಪು ಆಕೃತಿ. ಅವಳ ಭಯಕ್ಕೆ ಕಾರಣ ಏನು ಅಂತ ಬೆಳಕೂ ಹೇಳೋದಿಲ್ಲ. ಇದು ಛಾಯಾಗ್ರಾಹಕನ ದೊಡ್ಡ ಸಂಯಮ ಅಂತ ನಾನು ಒಪ್ತೀನಿ.

ಪಕ್ಕದಲ್ಲೇ ‘ಶೋಲೆ’ (1975) ಇಟ್ಟು ನೋಡಿ. ಅದೇ ರಾಮನಗರ, ಛಾಯಾಗ್ರಾಹಕ ದ್ವಾರಕಾ ದಿವೇಚಾ. ಗಬ್ಬರ್ ಮೊದಲು ಕಾಣೋದು ಬೂಟುಗಳಾಗಿ, ಕಲ್ಲಿನ ಮೇಲೆ ಎಳೆಯೋ ಬೆಲ್ಟಾಗಿ. ಅಲ್ಲಿ ಬಂಡೆ ನೆಲ. ಡೇ ಅವರಲ್ಲಿ ಬಂಡೆ ಗೋಡೆ. ಇಂಗ್ಲಿಷ್ ಪ್ರವಾಸಿಗರ ಕಣ್ಣಿಗೆ ಅದು ಗೋಡೆಯಾಗೇ ಕಾಣಬೇಕಲ್ಲ ಅಂತ ನೀವು ಕೇಳಬಹುದು. ಸರಿ, ಅಜೀಜ್ ಕೂಡ ಕಾದಂಬರಿಯಲ್ಲಿ ಆ ಗುಹೆಗಳಿಗೆ ಹೊಸಬನೇ. ಆದರೆ ಪ್ರವಾಸಿಗರ ಜೊತೆ ಬಂದ ಆಳುಗಳಿಗೆ ಅದು ನೆಲ. ಅವರು ಆ ಕಲ್ಲನ್ನ ಹತ್ತುತ್ತಾರೆ, ಅದರ ನೆರಳಲ್ಲಿ ಕೂರ್ತಾರೆ. ಕ್ಯಾಮರಾ ಅವರನ್ನ ಚೌಕಟ್ಟಿನೊಳಗೆ ಬಿಟ್ಟುಕೊಳ್ಳುತ್ತೆ. ಅವರ ಕಡೆಯಿಂದ ಒಮ್ಮೆಯೂ ನೋಡೋದಿಲ್ಲ. ಬಂಡೆಗೆ ಬಂದ ‘ನಿಗೂಢತೆ’ ಕಲ್ಲಿನ ಗುಣ ಅಲ್ಲ, ಕ್ಯಾಮರಾ ನಿಂತ ಜಾಗದ ಗುಣ ಅನ್ನೋದು ನನ್ನ ವಾದ.

ಇದನ್ನ ಡೇ ಒಬ್ಬರ ತಪ್ಪು ಅನ್ನಲಾರೆ. ಕ್ಯಾಮರಾ ಎಲ್ಲಿ ನಿಲ್ಲಬೇಕು ಅನ್ನೋದರಲ್ಲಿ ನಿರ್ದೇಶಕರ ಮಾತೇ ಕೊನೆಯದು. ಆದರೆ ಇಪ್ಪತ್ತು ವರ್ಷಕ್ಕೂ ಹಿಂದೆ ಬೇರೆಯವರ ಹೆಸರಿನ ಚಿತ್ರಗಳಿಗೆ ಕಣ್ಣು ಕೊಟ್ಟಿದ್ದ ಮನುಷ್ಯನ ಚೌಕಟ್ಟಿನಲ್ಲೇ ಹೆಸರಿಲ್ಲದ ದುಡಿಮೆಗಾರರು ಅಂಚಿಗೆ ಸರಿದದ್ದು ನನ್ನನ್ನ ಕಾಡುತ್ತೆ.

ನಮ್ಮ ಕಡೆಯೂ ಹೀಗೇ. ಮೈಸೂರಿನ ವಿ.ಕೆ. ಮೂರ್ತಿ ‘ಕಾಗಜ್ ಕೇ ಫೂಲ್’ ಚಿತ್ರೀಕರಿಸಿದ್ದು 1959ರಲ್ಲಿ. ಅವರಿಗೆ ಸಂದದ್ದು 2008ರ ಸಾಲಿನ ಫಾಲ್ಕೆ ಪ್ರಶಸ್ತಿ. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಅದೇ ಮೊದಲು. ಛಾಯಾಗ್ರಾಹಕರಿಗೇ ಇಷ್ಟು ತಡ ಅಂದ್ರೆ, ಆಪರೇಟರು, ಲೈಟ್‌ಬಾಯ್, ಗುಹೆ ಕೊರೆದ ಕಲ್ಲುಕುಟಿಗ ಇವರ ಚರಿತ್ರೆ ಬರೆಯೋರು ಯಾರು?

ಸಾವನದುರ್ಗ, ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ಆ ಚಿತ್ರೀಕರಣಕ್ಕೆ ದುಡಿದವರು ಈಗ ವಯಸ್ಸಾದವರು. ಅವರ ಮಾತನ್ನ ದಾಖಲು ಮಾಡೋ ಕೆಲಸ ನಮ್ಮಂಥ ವಿದ್ಯಾರ್ಥಿಗಳ ಕೈಯಲ್ಲಿದೆ, ಸಮಯ ಮಾತ್ರ ಹೆಚ್ಚಿಲ್ಲ. ಇಷ್ಟು ಹೇಳಿ ಮುಗಿಸ್ತೀನಿ. ಪ್ರಶ್ನೆ, ಆಕ್ಷೇಪ ಇದ್ದರೆ ದಯವಿಟ್ಟು ಕೇಳಿ.