ಕಾಡಿನವನು, ಮೃದು ಹೃದಯದವನು

ನಮ್ಮ ಕಡೆಯವರಿಗೆ ಮನೆತನದ ಹೆಸರು ಅಂತ ಇರಲ್ಲ, ಒಂದಕ್ಷರ ಇರುತ್ತೆ. ನನ್ನ ಹೆಸರಿನ ಮುಂದಿರುವ 'ಬಿ' ಅಂದರೆ ಬದನವಾಳು. ಅದನ್ನು ಬಿಡಿಸಿ ಹೇಳಿದಾಗ ಎದುರಿಗಿದ್ದವರ ಮುಖ ಎರಡು ಥರ ಆಗೋದನ್ನು ನೋಡಿದ್ದೀನಿ. ಕೆಲವರಿಗೆ ಗಾಂಧಿ ಬಂದುಹೋದ ಖಾದಿ ಕೇಂದ್ರ, 2015ರಲ್ಲಿ ಪ್ರಸನ್ನ ನಡೆಸಿದ ಸತ್ಯಾಗ್ರಹ ನೆನಪಾಗುತ್ತೆ. ಇನ್ನು ಕೆಲವರಿಗೆ 1993, ಮೂವರು ದಲಿತರ ಕೊಲೆ. ಈ ಎರಡನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳ್ತಾರೆ: "ನೀವು ಯಾವ ಜನ?"

ಮೊನ್ನೆ ಅಬ್ಬೆ ದುಬಾಯ್‌ನ ಹಿಂದೂ ಆಚಾರ ವಿಚಾರಗಳ ದಪ್ಪ ಪುಸ್ತಕವನ್ನು ಮತ್ತೆ ಓದೋಕೆ ಕೂತಾಗ ಈ ಪ್ರಶ್ನೆ ತಲೇಲಿತ್ತು. ನಾನು ಓದಿದ್ದು 1897ರಲ್ಲಿ ಬೋಶಾಂಪ್ ತಂದ ಇಂಗ್ಲಿಷ್ ಆವೃತ್ತಿ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಈ ಫ್ರೆಂಚ್ ಪಾದ್ರಿ ಮೈಸೂರು ಸೀಮೆಗೆ ಬಂದ. ಪೇಟ ಸುತ್ತಿದ, ಇಲ್ಲಿನವರ ಊಟ ಉಡುಪು ರೂಢಿ ಮಾಡ್ಕೊಂಡ, ಸಿಡುಬಿನ ಲಸಿಕೆ ಹಾಕಿಸೋಕೆ ಓಡಾಡಿದ. ಗಂಜಾಂನಲ್ಲಿ ಅವನ ಹೆಸರಿನ ಚರ್ಚ್ ಈಗಲೂ ಇದೆ. ಜನ ಅವನನ್ನು ಕರೆದದ್ದು ದೊಡ್ಡಸ್ವಾಮಿ ಅಂತ. ನಂಜನಗೂಡು ಸಂತೇಲಿ ನಿಂತು ಆ ಹೆಸರು ಕೂಗಿದರೆ ಇವತ್ತೂ ನಾಲ್ಕು ಜನ ತಿರುಗಿ ನೋಡ್ತಾರೆ.

ಫ್ರೆಂಚರ ಬಾಯಲ್ಲಿ ಅವನು 'ದ್ಯುಬ್ವಾ'. 'ಬ್ವಾ' ಅಂದರೆ ಕಾಡು, 'ದ್ಯು' ಅಂದರೆ ಕಾಡಿ'ನ'. ಯಾವುದೋ ಕಾಲದಲ್ಲಿ ಊರಂಚಿನ ಮರಗಳ ಪಕ್ಕ ಮನೆ ಇದ್ದವನನ್ನು ಹಾಗೆ ಗುರುತಿಸಿದರು, ಅದು ಮಕ್ಕಳಿಗೂ ಅಂಟಿಕೊಂಡಿತು. ಹೀಗೆ ಬೇರೆ ಬೇರೆ ಕಾಡುಗಳ ಪಕ್ಕ ಇದ್ದವರಿಗೆಲ್ಲ ಇದೇ ಹೆಸರು ಬಿದ್ದದ್ದರಿಂದ ಫ್ರಾನ್ಸಿನಲ್ಲಿ ದ್ಯುಬ್ವಾಗಳು ಲೆಕ್ಕವಿಲ್ಲದಷ್ಟು ಇದ್ದಾರೆ, ಎಲ್ಲರೂ ನೆಂಟರಲ್ಲ. ಸೇತುವೆ ಪಕ್ಕದವನು ದ್ಯುಪೋ ಆದ, ಕಮ್ಮಾರ ಲಫೆವ್ರ್ ಆದ, ಕುಳ್ಳ ಪತೀ ಆದ. 1539ರಲ್ಲಿ ರಾಜಾಜ್ಞೆಯಾಗಿ ದೀಕ್ಷಾಸ್ನಾನದ ದಾಖಲೆ ಬರೆದಿಡುವುದು ಶುರುವಾಯ್ತು. 1794ರಲ್ಲಿ, ಹುಟ್ಟಿನ ದಾಖಲೆಯಲ್ಲಿ ಇರುವ ಹೆಸರು ಬಿಟ್ಟು ಬೇರೆ ಇಟ್ಟುಕೊಳ್ಳುವಂತಿಲ್ಲ ಅಂತ ಕ್ರಾಂತಿ ಸರ್ಕಾರವೇ ಕಾನೂನು ಮಾಡಿತು. ಹೆಸರು ಗಟ್ಟಿಯಾಗಿ ಉಳಿಯಿತು, ಒಳಗಿನ ಅರ್ಥ ಒಣಗಿ ಉದುರಿತು. ಇವತ್ತು ಹಲ್ಲಿನ ಡಾಕ್ಟರು ಲಫೆವ್ರ್ ಆಗಿದ್ದರೆ ಅವರ ತಾತ ಕಬ್ಬಿಣ ಕಾಯಿಸುತ್ತಿದ್ದರಾ ಅಂತ ಯಾರೂ ಯೋಚನೆ ಮಾಡಲ್ಲ.

ಕಟ್ಟುವ ರೀತಿ ನೋಡಿದರೆ ನಮ್ಮದೂ ಅದೇ. ಇದೇ ತಾಲೂಕಿನ ದೇವನೂರ ಮಹಾದೇವರ ಹೆಸರಲ್ಲಿ 'ದೇವನೂರ' ಅನ್ನೋ ಷಷ್ಠಿ ಮಾಡೋ ಕೆಲಸವನ್ನೇ ಅಲ್ಲಿ 'ದ್ಯು' ಮಾಡುತ್ತೆ. ತಗಡೂರು ರಾಮಚಂದ್ರರಾಯರ ಹೆಸರಲ್ಲೂ ಊರೇ ಮುಂದೆ. ಉತ್ತರ ಕರ್ನಾಟಕಕ್ಕೆ ಹೋದರೆ ಬಡಿಗೇರ, ಕಂಬಾರ, ಮೆಣಸಿನಕಾಯಿ ಎಲ್ಲ ಸಿಗ್ತಾರೆ. ಆದರೆ ಇಲ್ಲಿ ಬಡಿಗೇರ ಇಂಜಿನಿಯರಾದರೂ ಕೇಳುವವನ ಕಿವಿಗೆ ಮೊದಲು ಬೀಳೋದು ಉಳಿಯ ಸದ್ದೇ. ನಮ್ಮ ಹೆಸರುಗಳು ಒಣಗಿಲ್ಲ, ಹಸಿಯಾಗೇ ಇವೆ.

ದುಬಾಯ್ ಮೇಲೆ ನನಗಿರುವ ಸಿಟ್ಟು ಇಲ್ಲಿಂದ ಶುರು. 1790ರಲ್ಲಿ ಹುಟ್ಟಿನಿಂದ ಬರುವ ಶ್ರೀಮಂತ ಪದವಿಗಳನ್ನು ರದ್ದು ಮಾಡಿದ ದೇಶದಿಂದ 1792ರಲ್ಲಿ ಹೊರಟವನು ಅವನು. ಅವನ ಹೆಸರಿನಿಂದ ಯಾರೂ ಅವನ ಅಂತಸ್ತು ಅಳೆಯುವಂತಿರಲಿಲ್ಲ. ಅಂಥವನು ಇಲ್ಲಿಗೆ ಬಂದು, ಜಾತಿ ಏರ್ಪಾಟೇ ಹಿಂದೂಗಳ ಶಾಸನಬುದ್ಧಿಯ ಅತ್ಯುತ್ತಮ ಕೆಲಸ ಅಂತ ಬರೆದ. ಜಾತಿಯ ಕಟ್ಟು ಇಲ್ಲದಿದ್ದರೆ ಇಡೀ ದೇಶ ಏನಾಗ್ತಿತ್ತು ಅನ್ನೋದಕ್ಕೆ ಉದಾಹರಣೆಯಾಗಿ ಹೊಲೆಮಾದಿಗರ ಕೇರಿಗಳತ್ತ ಬೆರಳು ತೋರಿಸಿದ. ಕಟ್ಟಿ ಹಾಕಿದ್ದರಿಂದಲೇ ಆದ ಸ್ಥಿತಿಯನ್ನು ಕಟ್ಟು ಇಲ್ಲದ್ದರ ಫಲ ಅಂದ. ಮದುವೆ, ಊಟ, ಉಪನಯನಗಳ ಬಗ್ಗೆ ಇಷ್ಟು ಚುರುಕಾಗಿ ನೋಡುವ ಕಣ್ಣು ಇಲ್ಲಿ ಮುಚ್ಚಿಕೊಂಡಿದ್ದು ಸಣ್ಣ ತಪ್ಪಲ್ಲ. ಪುಸ್ತಕದ ಬೆನ್ನುಮೂಳೆ ಮುರಿದಿರೋದೇ ಅಲ್ಲಿ.

ಇನ್ನೊಂದು ವಿಷಯ ಇದೆ. ಹಸ್ತಪ್ರತಿಯನ್ನು ಕಂಪನಿ ಸರ್ಕಾರ 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ ಸಾಲು ಸಾಲಾಗಿ ಹೋಲಿಸಿ ತೋರಿಸಿದರು: ಇದರ ಬಹುಪಾಲು ಮೂಲ 1770ರ ದಶಕದಷ್ಟು ಹಿಂದಿನ ಒಂದು ಬರಹ. ಬರೆದವನು ಪಾಂಡಿಚೇರಿಯಲ್ಲಿ 1779ರಲ್ಲಿ ತೀರಿಕೊಂಡ ಜೆಸ್ಯೂಟ್ ಪಾದ್ರಿ ಕೂರ್ದೂ. ಅಂದರೆ ನಾವು ಮೈಸೂರಿನ ಚಿತ್ರ ಅಂತ ಓದಿಕೊಂಡು ಬಂದಿದ್ದರಲ್ಲಿ ಎಷ್ಟೋ ಭಾಗ ಟಿಪ್ಪು ಪಟ್ಟಕ್ಕೆ ಬರುವ ಮೊದಲೇ ತೆಲುಗು ತಮಿಳು ಸೀಮೆಯಲ್ಲಿ ಕಂಡದ್ದು. ನಮ್ಮ ಊರುಗಳ ಹಳೇ ಸಂಗತಿಗೆ ದುಬಾಯ್‌ನನ್ನು ಸಾಕ್ಷಿ ಕರೆಯುವವರು ಇದನ್ನು ಮರೀಬಾರದು.

ಕೂರ್ದೂ ಅನ್ನೋದೂ ಅಡ್ಡಹೆಸರಿನಿಂದ ಬಂದ ಮನೆತನದ ಹೆಸರೇ. 'ಕರ್' ಹೃದಯ, 'ದೂ' ಮೃದು; ಮೆತ್ತನೆ ಮನಸ್ಸಿನವನು. (ಹಳಗನ್ನಡದ 'ಕೂರ್ಮೆ'ಗೂ ಇದಕ್ಕೂ ನೆಂಟಸ್ತನವಿಲ್ಲ, ಆದರೂ ಕೇಳೋಕೆ ಹಿತ.) ಪಾಪ, ಅವನು ಎರಡು ಸಲ ಕಳಕೊಂಡವನು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್‌ಗೂ ರಕ್ತಸಂಬಂಧ ಇದೆ ಅಂತ 1767ರಲ್ಲೇ ಪ್ಯಾರಿಸ್ಸಿಗೆ ಬರೆದು ಕಳಿಸಿದ. ಅದು ಅಚ್ಚಾಗಿದ್ದು 1808ರಲ್ಲಿ. ಅಷ್ಟರಲ್ಲಿ 1786ರ ಭಾಷಣದಿಂದ ಆ ಕೀರ್ತಿ ವಿಲಿಯಂ ಜೋನ್ಸ್‌ಗೆ ಹೋಗಿತ್ತು.

ಹಾಗಂತ ಕೂರ್ದೂನನ್ನು ಬರೀ ಮೋಸಹೋದವನು ಅಂತ ಕೂರಿಸೋಕೂ ನನಗೆ ಮನಸ್ಸಿಲ್ಲ. 1742ರಲ್ಲಿ ಅವನು ಕೋರಮಂಡಲ ಕರಾವಳಿಯಿಂದ ಒಂದು ಪತ್ರ ಬರೆದ. ಬಟ್ಟೆಗೆ ಹಾಲು, ಅಳಲೆಕಾಯಿ ಹಿಡಿಸೋದು, ಬಣ್ಣ ಹಾಕೋದು, ಒಗೆದರೂ ಬಿಡದ ಹಾಗೆ ಮಾಡೋದು, ಎಲ್ಲವನ್ನೂ ಹಂತಹಂತವಾಗಿ ವಿವರಿಸಿದ. ಈ ಗುಟ್ಟು ಅವನಿಗೆ ಹೇಳಿದವರು ಹೊಸದಾಗಿ ಕ್ರೈಸ್ತರಾಗಿದ್ದ ಬಣ್ಣಗಾರರು, ತಮ್ಮ ಗುರು ಕೇಳಿದ್ದಾನೆ ಅಂತ. ಆ ಕೈಗಳ ಹೆಸರು ನಮಗೆ ಬಂದಿಲ್ಲ. ದುಬಾಯ್‌ನ ಪುಸ್ತಕದಲ್ಲೂ ಅಷ್ಟೇ: ಇಷ್ಟೊಂದು ಸಂಗತಿ ಬಾಯಿಬಿಟ್ಟು ಹೇಳಿದವರಲ್ಲಿ ಯಾರದೊಂದು ಹೆಸರಾದರೂ ಸಿಗುತ್ತಾ ಅಂತ ನಾನು ಪುಟ ತಿರುವಿ ತಿರುವಿ ಸೋತೆ. ಬಣ್ಣಗಾರನದ್ದು ಕೂರ್ದೂಗೆ, ಕೂರ್ದೂದು ದುಬಾಯ್‌ಗೆ. ಖಾದಿ ಊರಲ್ಲಿ ಹುಟ್ಟಿದವನಿಗೆ ಈ ಲೆಕ್ಕ ಹೊಸದೇನಲ್ಲ. ಥಾನಿನ ಮೇಲೆ ಕೇಂದ್ರದ ಮುದ್ರೆ ಬೀಳುತ್ತೆ, ನೂತ ಹೆಂಗಸಿನ ಹೆಸರು ಬೀಳಲ್ಲ.

ಪುಸ್ತಕವನ್ನು ಬಿಸಾಡಿ ಅಂತಿಲ್ಲ. ಓದಬೇಕು, ಅಲ್ಲಿರುವ ವಿವರ ಬೇರೆ ಕಡೆ ಸುಲಭಕ್ಕೆ ಸಿಗಲ್ಲ. ಆದರೆ ಅಂಗಡಿಗಳಲ್ಲಿ ಸಿಗುವ ಮರುಮುದ್ರಣಗಳ ಮುಖಪುಟದಲ್ಲಿ ನಾನು ಕಂಡಿದ್ದು ದುಬಾಯ್ ಒಬ್ಬನೇ. ಮುಂದೆ ಅಚ್ಚು ಹಾಕುವವರು ಅವನ ಹೆಸರಿನ ಪಕ್ಕ ಕೂರ್ದೂ ಅಂತಲೂ ಹಾಕಲಿ. ಜಾತಿಯ ಅಧ್ಯಾಯಕ್ಕೆ ಮುನ್ನುಡಿ ಬೇಕಾದರೆ, ಆ ಬೆರಳು ಯಾವ ಕೇರಿಯತ್ತ ತಿರುಗಿತ್ತೋ ಅಲ್ಲಿಂದ ಬಂದು ಈಗ ಪುಸ್ತಕ ಬರೆಯುತ್ತಿರುವವರನ್ನು ಕೇಳಲಿ. ನಂಜನಗೂಡು ತಾಲೂಕಿನಲ್ಲೇ ಸಿಗ್ತಾರೆ.