ಶನಿವಾರ ಸಂಜೆಯ ದೀಪಗಳು

ಊರು ಬಿಟ್ಟು ಬಂದವರಿಗೆಲ್ಲ ಶನಿವಾರದ ಸಂಜೆ ಗೊತ್ತು. ವಾರವಿಡೀ ದುಡಿದು ದಣಿದ ಮೈ, ಜೇಬಿನಲ್ಲಿ ನಾಲ್ಕು ಕಾಸು, ದೀಪ ಹೊತ್ತಿಸಿಕೊಂಡು ಕರೆಯುವ ಪೇಟೆ. ಮುಂಬಯಿಗೆ ಬಂದ ಹೊಸತರಲ್ಲಿ ನನಗೂ ಆ ಕರೆ ಕೇಳಿಸುತ್ತಿತ್ತು. ಅದಕ್ಕೇ ಇರಬೇಕು, ರಿಚರ್ಡ್ ಮತ್ತು ಲಿಂಡಾ ಥಾಂಪ್ಸನ್ ದಂಪತಿಯ ‘ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್’ ಆಲ್ಬಮ್ ನನಗೆ ಪರದೇಶದ್ದು ಅನ್ನಿಸಲೇ ಇಲ್ಲ.

ಇಬ್ಬರ ಮದುವೆ 1972ರಲ್ಲಿ. ಮರುವರ್ಷ ಲಂಡನ್ನಿನಲ್ಲಿ ಧ್ವನಿಮುದ್ರಣ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ರೆಕಾರ್ಡು ಒತ್ತುವ ವಿನೈಲಿಗೇ ಬರ. ಆಲ್ಬಮ್ ಹೊರಬಿದ್ದದ್ದು 1974ರಲ್ಲಿ. ರಿಚರ್ಡ್ ಇದಕ್ಕೂ ಮೊದಲು ಫೇರ್‌ಪೋರ್ಟ್ ಕನ್ವೆನ್ಷನ್ನಿನಲ್ಲಿದ್ದವರು. ಇಂಗ್ಲಿಷ್ ಜನಪದ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದ ತಂಡ ಅದು. ಇಲ್ಲಿನ ಹತ್ತೂ ಹಾಡು ಅವರ ಸ್ವಂತದ್ದು. ಆದರೂ ಕೇಳುವಾಗ, ಬಾಯಿಂದ ಬಾಯಿಗೆ ಬಂದ ಹಳೆಯ ಹಾಡುಗಳೇ ಏನೋ ಅನ್ನಿಸುತ್ತದೆ.

ಶೀರ್ಷಿಕೆಯ ಹಾಡಿನಲ್ಲಿ, ದುಡಿದು ಬೇಸತ್ತ ಹುಡುಗಿ ‘ನನ್ನನ್ನು ಪೇಟೆಗೆ ಕರಕೊಂಡು ಹೋಗು’ ಅನ್ನುತ್ತಾಳೆ. ಹಿಂದೆ ಬ್ರಾಸ್ ಬ್ಯಾಂಡ್. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಊರುಗಳಲ್ಲಿ ಕೆಲಸಗಾರರೇ ಕಟ್ಟಿ ಬೆಳೆಸಿದ ವಾದ್ಯಮೇಳ. ಅವಳು ತಪ್ಪಿಸಿಕೊಳ್ಳಬೇಕೆಂದಿರುವ ಬದುಕೇ ಬೆನ್ನ ಹಿಂದೆ ನಿಂತು ಊದಿದ ಹಾಗೆ! ‘ಹ್ಯಾಸ್ ಹಿ ಗಾಟ್ ಎ ಫ್ರೆಂಡ್ ಫಾರ್ ಮಿ’ಯಲ್ಲಿ ಒಂಟಿ ಹುಡುಗಿಯೊಬ್ಬಳು, ನಿನ್ನವನಿಗೆ ನನಗೊಪ್ಪುವ ಗೆಳೆಯನಿದ್ದಾನೆಯೇ ಅಂತ ಗೆಳತಿಯನ್ನು ಕೇಳುತ್ತಾಳೆ. ಗಂಡಸು ಬರೆದ ಮಾತು. ಲಿಂಡಾ ಅಳುವುದಿಲ್ಲ, ಅಂಗಲಾಚುವುದಿಲ್ಲ. ಆ ಸಂಯಮದಿಂದಲೇ ಮಾತು ಅವರದಾಗುತ್ತದೆ.

ಎಲ್ಲವೂ ಹೀಗೆ ನಿಲ್ಲುವುದಿಲ್ಲ. ‘ದ ಲಿಟಲ್ ಬೆಗರ್ ಗರ್ಲ್’ನಲ್ಲಿ ಬಡತನ ವೇಷ ಹಾಕಿಕೊಂಡು ಕುಣಿಯುತ್ತದೆ. ‘ದಿ ಎಂಡ್ ಆಫ್ ದ ರೇನ್‌ಬೋ’ದಲ್ಲಿ ತೊಟ್ಟಿಲ ಕೂಸಿಗೆ, ಬೆಳೆದರೂ ನಿನಗೆ ಸಿಗುವಂಥದ್ದೇನಿಲ್ಲ ಅನ್ನುತ್ತಾರೆ ರಿಚರ್ಡ್. ಕೂಸು ಬಾಳಲಿ ಅಂತ ಹರಸುವ ಜೋಗುಳ ಕೇಳಿ ಬೆಳೆದ ನಮಗೆ ಇದು ತಡೆಯುವುದು ಕಷ್ಟ. ಕತ್ತಲೆ ಸ್ವಲ್ಪ ಹೆಚ್ಚೇ ಆಯಿತು.

1982ರಲ್ಲಿ ಇವರ ಕೊನೆಯ ಆಲ್ಬಮ್ ‘ಶೂಟ್ ಔಟ್ ದ ಲೈಟ್ಸ್’ ಬರುವ ಹೊತ್ತಿಗೆ ದಾಂಪತ್ಯ ಮುರಿದಿತ್ತು. ಹಾಗಾಗಿ ಮೊದಲ ಆಲ್ಬಮ್ಮಿನಲ್ಲೂ ಆ ಬಿರುಕನ್ನೇ ಹುಡುಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಇಲ್ಲಿನ ದುಃಖ ಒಂದು ಮನೆಯದಲ್ಲ, ಬೀದಿಯದು. ಪೇಟೆಯ ದೀಪ ನೋಡಬೇಕೆಂಬ ಹಾಡು ಮುಗಿದ ಕೂಡಲೇ ಬರುವುದು, ಕುಡಿದು ಉರುಳಿದವರ ಹಾಡು. ಎರಡನ್ನೂ ಹಾಡುವ ದನಿ ಲಿಂಡಾರದ್ದೇ. ನಡುವೆ ಉಪದೇಶ ಇಲ್ಲ. ದೀಪ ನೋಡಲು ಬಂದು ಊರಿಗೆ ಮರಳದ ಎಷ್ಟೋ ಮಂದಿಯನ್ನು ಕಂಡಿರುವ ನನಗೆ, ಆ ಎರಡು ಹಾಡುಗಳ ನಡುವಿನ ಕ್ಷಣದ ಮೌನ ಬಹಳ ಉದ್ದ ಅನ್ನಿಸುತ್ತದೆ.